ಇಂಗ್ಲೆಂಡಿನ ಹಳೇ ಮನೆಯ ಆರ್ಟೆಕ್ಸ್ ಸೀಲಿಂಗ್: ಕಲ್ನಾರು (ಆಸ್ಬೆಸ್ಟಾಸ್) ಇರಬಹುದು ಅಂದರೆ ಏನು ಮಾಡಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು. ಲೆಸ್ಟರ್‌ನಲ್ಲಿ 1970ರ ದಶಕದ ಮನೆ ಕೊಂಡಿದ್ದೀರಿ. ಹಾಲ್ ಸೀಲಿಂಗ್ ಮೇಲೂ ಮೆಟ್ಟಿಲ ಪಕ್ಕದ ಗೋಡೆ ಮೇಲೂ ಸುರುಳಿ ಸುರುಳಿ ಆರ್ಟೆಕ್ಸ್, ಅಂದರೆ ಉಬ್ಬು ವಿನ್ಯಾಸದ ಅಲಂಕಾರ ಲೇಪ, ಇದೆ. ಬಿಲ್ಡರ್ ಅದನ್ನು ಮಷಿನ್‌ನಲ್ಲಿ ಉಜ್ಜಿ ಒಂದೇ ದಿನದಲ್ಲಿ ಸಪಾಟು ಮಾಡಿಕೊಡುತ್ತೇನೆ ಅಂದಿದ್ದಾರೆ, ಬಾಗಿಲ ಹಿಂದೆ ಸ್ವಲ್ಪ ಕೆರೆದೂ ನೋಡಿದ್ದಾರೆ. ದೀಪಾವಳಿಗೆ ಗೃಹಪ್ರವೇಶ. ಮನೆಯಲ್ಲಿ ಎರಡು ವರ್ಷದ ಮಗು. ನಿಮ್ಮ ಭಾವ ಮಾತ್ರ "ಊರಲ್ಲಿ ಕಲ್ನಾರು ಶೀಟಿನ ಕೆಳಗೇ ಬೆಳೆದವರು ನಾವು, ಏನಾಯ್ತು?" ಅನ್ನುತ್ತಿದ್ದಾರೆ.

ನಾನು ಇಲ್ಲಿ ಹಳೇ ಮನೆಗಳ ಸರ್ವೇ ಕೆಲಸದಲ್ಲಿದ್ದೇನೆ. ಇಂಥ ಸೀಲಿಂಗ್‌ಗಳನ್ನು ನೋಡುತ್ತಲೇ ಇರುತ್ತೇನೆ. ಮೊದಲು ಬಿಲ್ಡರ್‌ಗೆ ಫೋನ್ ಮಾಡಿ ಉಜ್ಜುವ ಕೆಲಸ ನಿಲ್ಲಿಸಲು ಹೇಳಿ. ಉಳಿದದ್ದನ್ನು ನಿಧಾನವಾಗಿ ನೋಡೋಣ.

ಸೀಲಿಂಗ್ ಸುಮ್ಮನೆ ಅಲ್ಲೇ ಇದ್ದರೆ ಭಯಪಡುವ ಕಾರಣವಿಲ್ಲ. ಆರ್ಟೆಕ್ಸ್ ಥರದ ಲೇಪಗಳಿಗೆ ಗಟ್ಟಿತನ ಬರಲಿ ಅಂತ ಬಿಳಿ ಕಲ್ನಾರು ಬೆರೆಸುತ್ತಿದ್ದರು, ಪ್ರಮಾಣ ಸಾಮಾನ್ಯವಾಗಿ ಶೇಕಡಾ ಕೆಲವೇ ಭಾಗ. ಆ ನಾರು ಗಟ್ಟಿಯಾದ ಲೇಪದೊಳಗೆ ಸಿಕ್ಕಿಕೊಂಡಿರುತ್ತದೆ. ಮೇಲೆ ವರ್ಷಗಟ್ಟಲೆ ಬಳಿದ ಪೇಂಟ್ ಬೇರೆ. ಈ ಲೇಪದ ಕೆಲಸದಲ್ಲಿ ಗಾಳಿಗೆ ಬರುವ ನಾರು ಕಡಿಮೆ ಅಂತ ಪರೀಕ್ಷೆಗಳಲ್ಲಿ ಕಂಡುಬಂದದ್ದರಿಂದಲೇ ಬ್ರಿಟನ್ನಿನ 2006ರ ಕಲ್ನಾರು ನಿಯಮಗಳಲ್ಲಿ ಇದನ್ನು ಲೈಸೆನ್ಸ್ ಬೇಕಾದ ಕೆಲಸಗಳ ಪಟ್ಟಿಯಿಂದ ತೆಗೆದರು. ಆದರೆ ಒಣ ಲೇಪಕ್ಕೆ ಸ್ಯಾಂಡಿಂಗ್ ಮಷಿನ್ ಹಿಡಿದರೆ ಲೆಕ್ಕವೇ ಬೇರೆ. ಕಟ್ಟಿಹಾಕಿದ್ದ ನಾರನ್ನು ನಾವೇ ಪುಡಿಮಾಡಿ ಮನೆ ತುಂಬ ಹರಡಿದಂತೆ. ಆ ಧೂಳು ಕಣ್ಣಿಗೆ ಕಾಣದಷ್ಟು ಸಣ್ಣದು, ಕಾರ್ಪೆಟ್‌ನಲ್ಲಿ, ಮಗುವಿನ ಆಟದ ಸಾಮಾನಿನಲ್ಲಿ ಕೂರುತ್ತದೆ. ನಾನು ಇಷ್ಟು ಒತ್ತಿ ಹೇಳುವುದು ಈ ಒಂದೇ ಕಾರಣಕ್ಕೆ.

ಇನ್ನು ನಿಮ್ಮ ಭಾವನವರ ಮಾತು. ಸಿಮೆಂಟ್ ಶೀಟಿನಲ್ಲೂ ನಾರು ಸಿಮೆಂಟಿನೊಳಗೆ ಬಂಧಿಯಾಗಿರುತ್ತದೆ. ಹಾಗಾಗಿ ಅದರ ಕೆಳಗೆ ಮಲಗಿದವರಿಗಿಂತ ಅದನ್ನು ಕತ್ತರಿಸಿದವರು, ತೂತು ಕೊರೆದವರು ಜಾಸ್ತಿ ಉಸಿರಾಡಿದ್ದಾರೆ. ಜೊತೆಗೆ ಕಲ್ನಾರಿನ ಕಾಯಿಲೆಗಳು ಹೊರಬೀಳಲು 15ರಿಂದ 60 ವರ್ಷ ಹಿಡಿಯುತ್ತದೆ. ಹೀಗಿರುವಾಗ "ಇಲ್ಲಿಯವರೆಗೆ ಏನೂ ಆಗಿಲ್ಲ" ಅನ್ನುವುದು ಪುರಾವೆ ಆಗುವುದಿಲ್ಲ. ಬ್ರಿಟನ್‌ನಲ್ಲಿ ಹಿಂದೆ ಕಲ್ನಾರಿನ ಜೊತೆ ಮಾಡಿದ ಕೆಲಸದ ಫಲವಾಗಿ ಇವತ್ತಿಗೂ ವರ್ಷಕ್ಕೆ ಸುಮಾರು 5,000 ಜನ ಸಾಯುತ್ತಿದ್ದಾರೆ. ಅವರಲ್ಲಿ ಬಡಗಿಗಳು, ಪ್ಲಂಬರ್‌ಗಳು, ಎಲೆಕ್ಟ್ರಿಷಿಯನ್‌ಗಳು ಇದ್ದಾರೆ. ನಿಮ್ಮ ಬಿಲ್ಡರ್‌ನ ಜೊತೆ ಬರುವ ಹುಡುಗ ನಾಳೆ ಇನ್ನೊಂದು ಮನೆಗೆ ಹೋಗಿ ಇದೇ ಕೆಲಸ ಮಾಡುತ್ತಾನೆ. ಅವನ ಶ್ವಾಸಕೋಶದ ಬಗ್ಗೆಯೂ ನಾವು ಯೋಚಿಸಬೇಕು ಅಲ್ವಾ?

ಕಲ್ನಾರು ಇದೆಯೋ ಇಲ್ಲವೋ ಕಣ್ಣಲ್ಲಿ ನೋಡಿ ಯಾರೂ ಹೇಳಲಾರರು, ನಾನೂ ಹೇಳಲಾರೆ. ಲೇಪ ಹಾಕಿದ ವರ್ಷ ನೋಡಿ ಅಂದಾಜು ಮಾಡಬಹುದು ಅಷ್ಟೇ. ಆರ್ಟೆಕ್ಸ್ ಕಂಪನಿ 1980ರ ದಶಕದ ನಡುವಿನ ಹೊತ್ತಿಗೆ ಕಲ್ನಾರು ಬಿಟ್ಟಿತು. ಆದರೆ ಬಿಳಿ ಕಲ್ನಾರಿಗೆ ದೇಶದಲ್ಲಿ ಪೂರ್ತಿ ನಿಷೇಧ ಬಂದದ್ದು 1999ರಲ್ಲಿ. ಆದ್ದರಿಂದ 2000ಕ್ಕೆ ಮುಂಚಿನ ಯಾವ ಲೇಪವನ್ನಾದರೂ, ಪರೀಕ್ಷೆ ಆಗುವ ತನಕ, ಕಲ್ನಾರು ಇದೆ ಅಂತಲೇ ನೋಡುವುದು ಇಲ್ಲಿನ ಪದ್ಧತಿ.

ಪರೀಕ್ಷೆಗೆ ಯೂಕಾಸ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ಬ್ರಿಟನ್ನಿನ ಸಂಸ್ಥೆ, UKAS) ಮಾನ್ಯತೆ ಇರುವ ಲ್ಯಾಬ್ ಹುಡುಕಿ. ಒಂದು ಮಾದರಿಗೆ ಹತ್ತಾರು ಪೌಂಡ್ ಆಗುತ್ತದೆ, ಫಲಿತಾಂಶ ಕೆಲವೇ ದಿನಗಳಲ್ಲಿ ಬರುತ್ತದೆ. ದೀಪಾವಳಿ ಗಡುವಿಗೆ ಇದರಿಂದ ದೊಡ್ಡ ತೊಂದರೆ ಇಲ್ಲ. ಸರ್ವೇಯರ್‌ನನ್ನು ಕರೆಸಿ ಮಾದರಿ ತೆಗೆಸುವುದು ಒಳ್ಳೆಯದು. ನೀವೇ ತೆಗೆಯುವುದಾದರೆ ಮಗುವನ್ನು ಹೊರಗೆ ಕಳಿಸಿ. ಫ್ಯಾನ್, ಹೀಟಿಂಗ್ ಎಲ್ಲ ಆಫ್ ಮಾಡಿ, ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ. ತೀರಾ ಸಣ್ಣ ಧೂಳನ್ನೂ ತಡೆಯುವ ಎಫ್‌ಎಫ್‌ಪಿ3 (FFP3) ಮಾಸ್ಕ್ ಬೇಕು, ಬಟ್ಟೆಯ ಮಾಸ್ಕ್ ಸಾಲದು. ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ಹಾಕಿದ ನೀರನ್ನು ಸ್ಪ್ರೇ ಮಾಡಿ, ಚೆನ್ನಾಗಿ ನೆನೆದ ಮೇಲೆ ಉಗುರಿನಷ್ಟು ತುಣುಕನ್ನು ಲೇಪದ ಪೂರ್ತಿ ಆಳದವರೆಗೆ ಎಬ್ಬಿಸಿ ಎರಡು ಚೀಲದಲ್ಲಿ ಮುಚ್ಚಿ. ತೆಗೆದ ಜಾಗಕ್ಕೆ ಫಿಲ್ಲರ್ ಬಳಿದುಬಿಡಿ. ಒಂದೇ ಮಾದರಿ ನಂಬಬೇಡಿ. ಆಗಿನ ಕಾಲದಲ್ಲಿ ಪುಡಿಯನ್ನು ಬಕೆಟ್‌ನಲ್ಲಿ ಕಲಸಿ ಹಚ್ಚುತ್ತಿದ್ದರು, ಒಂದು ರೂಮಿನ ಲೇಪ ಇನ್ನೊಂದರಲ್ಲಿ ಇರಬೇಕಿಲ್ಲ. ಸೀಲಿಂಗಿನಿಂದ ಬೇರೆ, ಗೋಡೆಯಿಂದ ಬೇರೆ ತೆಗೆಯಿರಿ.

ಈಗಾಗಲೇ ಕೆರೆದ ಜಾಗದ ಬಗ್ಗೆ ರಾತ್ರಿ ನಿದ್ದೆ ಬರುತ್ತಿಲ್ಲ ಅಂತ ಬರೆದಿದ್ದೀರಿ. ಅಷ್ಟು ಚಿಕ್ಕ ಕೆಲಸದಿಂದ, ಒಂದೇ ಸಲಕ್ಕೆ, ಆಗುವ ಅಪಾಯ ತೀರಾ ಕಡಿಮೆ. ಪುಡಿಯನ್ನು ಗುಡಿಸಬೇಡಿ, ಮನೆಯ ವ್ಯಾಕ್ಯೂಮ್ ಕ್ಲೀನರ್ ಅಂತೂ ಹಾಕಲೇಬೇಡಿ. ಮಾಸ್ಕ್ ಹಾಕಿಕೊಂಡು ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನೂ ಚೀಲದಲ್ಲಿ ಮುಚ್ಚಿಡಿ. ಮನಸ್ಸಿನ ನೆಮ್ಮದಿಗೆ ನಿಮ್ಮ ಜಿಪಿಗೆ (ಕುಟುಂಬ ವೈದ್ಯರಿಗೆ) ಹೇಳಿ ದಾಖಲೆಯಲ್ಲಿ ಒಂದು ಸಾಲು ಬರೆಸಿಡಬಹುದು.

ಫಲಿತಾಂಶದಲ್ಲಿ ಕಲ್ನಾರು ಇದೆ ಅಂತ ಬಂದರೂ ತೆಗೆಸಲೇಬೇಕು ಅಂತೇನಿಲ್ಲ. ಲೇಪ ಗಟ್ಟಿಯಾಗಿದ್ದರೆ ನನ್ನ ಆಯ್ಕೆ ಮುಚ್ಚುವುದೇ. ಸುರುಳಿ ತೆಳ್ಳಗಿದ್ದರೆ ಪ್ರೈಮರ್ ಹಚ್ಚಿ ಮೇಲೆ ಪ್ಲಾಸ್ಟರ್ ಸ್ಕಿಮ್, ಅಂದರೆ ತೆಳುವಾದ ಪ್ಲಾಸ್ಟರ್ ಪದರ, ಮಾಡಿಸಬಹುದು. ಇಲ್ಲೊಂದು ಎಚ್ಚರ: ಪ್ಲಾಸ್ಟರ್ ಮಾಡುವವರು ಅಭ್ಯಾಸಬಲದಿಂದ ಮೊದಲು ಉಬ್ಬಿನ ತುದಿಗಳನ್ನು ಒಣದಾಗಿ ಕೆರೆದು ಉದುರಿಸುತ್ತಾರೆ. ಅದನ್ನು ಮಾಡಬಾರದು ಅಂತ ಮುಂಚೆಯೇ ಹೇಳಿ. ಉಬ್ಬು ದಪ್ಪವಾಗಿದ್ದರೆ ಕೆಳಗಿನಿಂದ ಹೊಸ ಪ್ಲಾಸ್ಟರ್‌ಬೋರ್ಡ್ ಹೊಡೆಸುವುದು ಮೇಲು, ಸ್ಕ್ರೂ ಹೋಗುವ ಕಡೆಗಳಲ್ಲಿ ಮಾತ್ರ ಧೂಳಿನ ಜಾಗ್ರತೆ ಬೇಕು. ತೆಗೆಸಲೇಬೇಕಾದರೆ ಜೆಲ್ ಹಚ್ಚಿ ಅಥವಾ ಹಬೆಯಿಂದ ಮೆತ್ತಗೆ ಮಾಡಿ ಒದ್ದೆಯಾಗಿಯೇ ತೆಗೆಯುತ್ತಾರೆ. ಆ ಕಸ ಅಪಾಯಕಾರಿ ತ್ಯಾಜ್ಯ, ಸ್ಕಿಪ್‌ಗೆ (ಕಟ್ಟಡದ ಕಸ ತುಂಬುವ ದೊಡ್ಡ ತೊಟ್ಟಿಗೆ) ಹಾಕುವಂತಿಲ್ಲ. ಅದಕ್ಕೆ ವ್ಯವಸ್ಥೆ ಏನಿದೆ ಅಂತ ಕೌನ್ಸಿಲ್‌ನಲ್ಲಿ ಕೇಳಿ.

ಸೀಲಿಂಗ್ ಮುಚ್ಚಿದ ಮೇಲೆ ಮರೆಯುವ ಸಂಗತಿ ಲೈಟು. ನಾಳೆ ಎಲೆಕ್ಟ್ರಿಷಿಯನ್ ಬಂದು ಡೌನ್‌ಲೈಟ್‌ಗೆ (ಸೀಲಿಂಗ್ ಒಳಗೆ ಕೂರಿಸುವ ಲೈಟಿಗೆ) ದೊಡ್ಡ ತೂತು ಕೊರೆದರೆ ಒಳಗಿನ ಹಳೇ ಲೇಪ ಪುಡಿಯಾಗುತ್ತದೆ. ಲೈಟು ಎಲ್ಲೆಲ್ಲಿ ಬೇಕು ಅಂತ ಈಗಲೇ ತೀರ್ಮಾನಿಸಿ. ಲ್ಯಾಬ್ ವರದಿಯ ಪ್ರತಿಯನ್ನು ಫ್ಯೂಸ್ ಬಾಕ್ಸ್ ಹತ್ತಿರ ಅಂಟಿಸಿಡಿ.

ಬಿಲ್ಡರ್ "ಸ್ವಂತ ಮನೆ ತಾನೇ, ನಿಯಮ ಇಲ್ಲ" ಅಂದರೆ ಒಪ್ಪಬೇಡಿ. ಮನೆ ನಿಮ್ಮದಾದರೂ ಕೂಲಿಗೆ ಕೆಲಸ ಮಾಡುವ ಅವರಿಗೆ 2012ರ ಕಲ್ನಾರು ನಿಯಂತ್ರಣ ನಿಯಮಗಳು ಅನ್ವಯಿಸುತ್ತವೆ. ಲೈಸೆನ್ಸ್ ಬೇಡದ ಕೆಲಸಕ್ಕೂ ತರಬೇತಿ ಬೇಕು. ಅದರ ಸರ್ಟಿಫಿಕೇಟ್ ತೋರಿಸಿ ಅಂತ ಕೇಳಿ. ತೋರಿಸದಿದ್ದರೆ ಬೇರೆಯವರನ್ನು ನೋಡಿ.

ನೀವು ಕೇಳದ ಒಂದು ವಿಷಯ ಇದೆ, ನನಗೆ ಆರ್ಟೆಕ್ಸ್‌ಗಿಂತ ಅದರದ್ದೇ ಚಿಂತೆ ಜಾಸ್ತಿ. ಆ ಕಾಲದ ಮನೆಗಳಲ್ಲಿ ಗ್ಯಾರೇಜಿನ ಸೀಲಿಂಗ್, ಬಾಯ್ಲರ್ ಇರುವ ಕಪಾಟಿನ ಒಳಗೋಡೆ ಇಲ್ಲೆಲ್ಲ ಕಲ್ನಾರಿನ ಇನ್ಸುಲೇಷನ್ ಬೋರ್ಡ್ ಇರುವುದುಂಟು. ನೋಡಲು ಮಾಮೂಲಿ ಬೋರ್ಡಿನ ಹಾಗೇ ಇರುತ್ತದೆ. ಅದರಲ್ಲಿ ನಾರಿನ ಪ್ರಮಾಣ ತುಂಬ ಹೆಚ್ಚು, ಮುರಿದರೆ ಸುಲಭವಾಗಿ ಬಿಟ್ಟುಕೊಳ್ಳುತ್ತದೆ. ಅದನ್ನು ತೆಗೆಯುವುದು ಬಹುಪಾಲು ಲೈಸೆನ್ಸ್ ಇದ್ದವರ ಕೆಲಸ. ಸರ್ವೇಯರ್ ಬಂದಾಗ ಬರೀ ಹಾಲ್ ತೋರಿಸಿ ಕಳಿಸಬೇಡಿ. ನೀವು ಎಲ್ಲೆಲ್ಲಿ ಒಡೆಯಬೇಕು ಅಂದುಕೊಂಡಿದ್ದೀರೋ ಅಷ್ಟಕ್ಕೂ "ರಿಫರ್ಬಿಷ್‌ಮೆಂಟ್ ಸರ್ವೇ", ಅಂದರೆ ಒಡೆಯುವ ಮುಂಚೆ ಮಾಡುವ ಕಲ್ನಾರು ತಪಾಸಣೆ, ಕೇಳಿ. ವರದಿ ಕೈಗೆ ಬಂದ ಮೇಲೆ ಇಲ್ಲೇ ಕೆಳಗೆ ಬರೆಯಿರಿ, ಯಾವುದನ್ನು ಮುಚ್ಚಬಹುದು, ಯಾವುದನ್ನು ತೆಗೆಸಬೇಕು ಅಂತ ಒಟ್ಟಿಗೆ ನೋಡೋಣ.