ಅಡಾಪ್ಟರ್ ನಿಜಕ್ಕೂ 3 ಆಂಪಿಯರ್ ಕೊಡುತ್ತದೆಯೇ?

ಪ್ರಶ್ನೆ: ರಾಸ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿಗೆ ‘5.1 ವೋಲ್ಟ್, 3 ಆಂಪಿಯರ್’ ಎಂದು ಬರೆದಿರುವ ಟೈಪ್-ಸಿ ಅಡಾಪ್ಟರ್ ಹಾಕಿದ್ದೇನೆ. ಹಾರ್ಡ್‌ಡಿಸ್ಕ್ ಸಿಕ್ಕಿಸಿದ ಕೂಡಲೇ ಪರದೆಯಲ್ಲಿ ಮಿಂಚಿನ ಗುರುತು ಬಂದು ರೀಸ್ಟಾರ್ಟ್ ಆಗುತ್ತದೆ. ಅಡಾಪ್ಟರನ್ನು ಬಿಡಿಯಾಗಿ ಅಳೆದರೆ 5.1 ವೋಲ್ಟ್ ತೋರಿಸುತ್ತದೆ. ಮಲ್ಟಿಮೀಟರನ್ನು ಆಂಪಿಯರ್ ರೇಂಜ್‌ಗೆ ತಿರುಗಿಸಿ ನೇರವಾಗಿ ಅಳೆಯಬಹುದೇ?
— ಓದುಗರು, ದಾವಣಗೆರೆ

ಉತ್ತರ: ಖಂಡಿತ ಬೇಡ. ಆಂಪಿಯರ್ ರೇಂಜ್‌ನಲ್ಲಿ ಮೀಟರಿಗೆ ರೆಸಿಸ್ಟೆನ್ಸ್ ಇಲ್ಲವೆನ್ನುವಷ್ಟು ಕಡಿಮೆ. ಪ್ಲಸ್, ಮೈನಸ್‌ಗೆ ನೇರ ಹಿಡಿದರೆ ಶಾರ್ಟ್ ಆಗಿ ಮೀಟರಿನ ಫ್ಯೂಸ್ ಹೋಗಬಹುದು. ಲೋಡ್ (ಕರೆಂಟ್ ಎಳೆಯುವ ಸಾಧನ) ಇಲ್ಲದೆ ಕಾಣುವ 5.1 ವೋಲ್ಟನ್ನೂ ನಂಬಬೇಡಿ. ಲೋಡ್ ಕೊಟ್ಟು ವೋಲ್ಟೇಜ್ ನೋಡಬೇಕು.

5.1 ಓಮ್, 10 ವ್ಯಾಟ್‌ನ ಸಿಮೆಂಟ್ ರೆಸಿಸ್ಟರ್ ಮೂರು ತನ್ನಿ. 5.1 ವೋಲ್ಟ್‌ನಲ್ಲಿ ಒಂದೊಂದೂ 1 ಆಂಪಿಯರ್ ಎಳೆಯುತ್ತದೆ. ಜೊತೆಗೆ ಟೈಪ್-ಸಿ ಸಾಕೆಟ್ ಇರುವ ಸಣ್ಣ ಬೋರ್ಡ್ ಬೇಕು. ಸಾಧನ ಸಿಕ್ಕಿಸಿದ್ದನ್ನು ಅಡಾಪ್ಟರ್ ಗುರುತಿಸುವುದು ಅದರ ಸಿಸಿ1, ಸಿಸಿ2 ಪಿನ್‌ಗಳಿಂದ. ಆ ಪಿನ್‌ಗಳಿಂದ ಗ್ರೌಂಡ್‌ಗೆ ತಲಾ 5.1 ಕಿಲೋ ಓಮ್ ರೆಸಿಸ್ಟರ್ ಇರಲೇಬೇಕು. ಇಲ್ಲದಿದ್ದರೆ ಸರಿಯಾದ ಟೈಪ್-ಸಿ ಅಡಾಪ್ಟರ್ ಔಟ್‌ಪುಟ್ಟನ್ನೇ ಕೊಡುವುದಿಲ್ಲ. ಕೆಟ್ಟಿದೆ ಎಂದುಕೊಂಡು ಒಳ್ಳೆಯದನ್ನು ಎಸೆಯುವವರಿದ್ದಾರೆ.

ದಪ್ಪ ವೈರಿನಿಂದ ಬೆಸುಗೆ ಹಾಕಿ. ಬೆಸುಗೆಯಿಲ್ಲದೆ ವೈರ್ ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡ್ 3 ಆಂಪಿಯರ್ ತಾಳದು. ಒಂದೊಂದು ರೆಸಿಸ್ಟರಿನಲ್ಲೂ 5 ವ್ಯಾಟ್ ಶಾಖ ಹುಟ್ಟುತ್ತದೆ, ಮುಟ್ಟಿದರೆ ಕೈ ಸುಡುತ್ತದೆ. ಹಾಗಾಗಿ ಟೈಲ್ಸ್ ತುಂಡಿನ ಮೇಲಿಡಿ.

ರೆಸಿಸ್ಟರ್‌ಗಳನ್ನು ಪ್ಯಾರಲಲ್ ಆಗಿ ಒಂದಾದ ಮೇಲೊಂದು ಸೇರಿಸುತ್ತ, ಪ್ರತಿ ಸಲ ಸಾಕೆಟ್ ಬಳಿಯೇ ವೋಲ್ಟೇಜ್ ಬರೆದುಕೊಳ್ಳಿ. ಪ್ರತಿ ಆಂಪಿಯರಿಗೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿದರೆ ಮೊದಲು ಕೇಬಲನ್ನು ಅನುಮಾನಿಸಿ. ಎರಡರವರೆಗೆ ಗಟ್ಟಿಯಾಗಿ ನಿಂತು ಮೂರನೆಯದಕ್ಕೆ ಕುಸಿದರೆ ಅಡಾಪ್ಟರಿನ ಶಕ್ತಿಯೇ ಅಷ್ಟು. ಮೂರನ್ನೂ ಹಾಕಿ ಅರ್ಧ ಗಂಟೆ ಬಿಡಿ. ಬಿಸಿಯೇರಿದ ಮೇಲೆ ಕೈಕೊಡುವ ಅಡಾಪ್ಟರ್‌ಗಳು ಆಗ ಸಿಕ್ಕಿಬೀಳುತ್ತವೆ. ಕೊನೆಗೂ 4.9 ವೋಲ್ಟ್ ಉಳಿದರೆ ಒಳ್ಳೆಯದು, 4.75ಕ್ಕಿಂತ ಕೆಳಗಿಳಿದರೆ ಬಳಸಬೇಡಿ. ಪೈಯಲ್ಲಿ ಮಿಂಚಿನ ಗುರುತು ಬರುವುದು ಸುಮಾರು 4.63 ವೋಲ್ಟ್‌ಗೆ.

ಕೇಬಲ್ ಬೇರೆಯಾಗಿದ್ದರೆ ಪೈಗೆ ಬಳಸುವುದನ್ನೇ ಪರೀಕ್ಷೆಗೂ ಹಾಕಿ. ಒಂದು ಮೀಟರ್ ಉದ್ದದ ತೆಳು 28 ಗೇಜ್ ವೈರಿನಲ್ಲಿ ಹೋಗಿಬರುವ ದಾರಿ ಸೇರಿ ಸುಮಾರು 0.43 ಓಮ್. 3 ಆಂಪಿಯರ್ ಹರಿದರೆ ಅಲ್ಲೇ 1.3 ವೋಲ್ಟ್ ಸೋರಿಹೋಗುತ್ತದೆ! ದಪ್ಪನೆಯ 20 ಗೇಜ್ ಆದರೆ ನಷ್ಟ ಕೇವಲ 0.2 ವೋಲ್ಟ್.

ಪ್ರಶ್ನೆ: ಫೋನಿನ 33 ವ್ಯಾಟ್ ಚಾರ್ಜರ್ ಪೈಗೆ ಧಾರಾಳವಾಗಿ ಸಾಕಲ್ಲವೇ?
— ಓದುಗರು, ಶಿರಸಿ

ಉತ್ತರ: ಆ 33 ವ್ಯಾಟ್ ಸಾಮಾನ್ಯವಾಗಿ 9 ವೋಲ್ಟ್ ಅಥವಾ ಅದಕ್ಕೂ ಮೇಲಿನ ಲೆಕ್ಕ. ಪೈ 4 ಬಳಸುವುದು 5 ವೋಲ್ಟ್ ಮಾತ್ರ. ಲೇಬಲ್‌ನಲ್ಲಿ 5 ವೋಲ್ಟಿನ ಎದುರಿಗೆ 2 ಆಂಪಿಯರ್ ಎಂದಷ್ಟೇ ಇದ್ದರೆ ನಿಮಗೆ ಸಿಗುವುದೂ ಅಷ್ಟೇ. ಪೈ 5 ಆದರೆ 5.1 ವೋಲ್ಟ್‌ನಲ್ಲಿ 5 ಆಂಪಿಯರ್ ಕೊಡುವ ಅಡಾಪ್ಟರನ್ನೇ ಕೊಳ್ಳಿ. 3 ಆಂಪಿಯರಿನದು ಹಾಕಿದರೆ ಪೈ 5 ತನ್ನ ಯುಎಸ್‌ಬಿ ಪೋರ್ಟ್‌ಗಳಿಗೆಲ್ಲ ಸೇರಿ 600 ಮಿಲಿಆಂಪಿಯರ್ ಮಾತ್ರ ಬಿಡುತ್ತದೆ.