ಗುರುತಿನವರಿಲ್ಲದ ಸಭೆಯನ್ನು ಹುಡುಕಬೇಡಿ

ಪರಿಚಯದವರು ಯಾರೂ ಬಾರದ, ಮನೆಯಿಂದ ಸಾಕಷ್ಟು ದೂರವಿರುವ ಮದ್ಯಮುಕ್ತಿ ಸಭೆಯೊಂದನ್ನು ಹುಡುಕುವುದು ಹೇಗೆ ಎಂದು ಕೇಳಿದ್ದೀರಿ. ನಾನೂ ಅಂಥದ್ದನ್ನೇ ಹುಡುಕಿದ್ದೆ. ಅದು ಸಿಕ್ಕಿತು, ಮತ್ತು ಸಿಕ್ಕಿದ್ದರಿಂದಲೇ ನಾನು ಇನ್ನೂ 2 ವರ್ಷ ಕುಡಿದೆ.

ಆಗ ನನಗೆ 41 ವರ್ಷ. ಬಿಡಬೇಕೆಂಬ ನಿರ್ಧಾರದಲ್ಲಿ ಸುಳ್ಳಿರಲಿಲ್ಲ. ಕುಡಿತ ಬಿಡಬಯಸುವವರು ಒಬ್ಬರಿಗೊಬ್ಬರು ನೆರವಾಗುವ ಸಂಘವಾದ ಆಲ್ಕೋಹಾಲಿಕ್ಸ್ ಅನಾನಿಮಸ್‌ನ ಸಭೆ ನಮ್ಮ ಮನೆಯಿಂದ 10 ನಿಮಿಷದ ನಡಿಗೆಯಲ್ಲೇ ವಾರಕ್ಕೆ 3 ಸಂಜೆ ಸೇರುತ್ತಿತ್ತು. ಅದರ ಬಾಗಿಲಲ್ಲಿ ಯಾರಾದರೂ ನನ್ನನ್ನು ಕಂಡಾರೆಂಬ ಭಯಕ್ಕೆ, 40 ಕಿಲೋಮೀಟರ್ ದೂರದ ಇನ್ನೊಂದು ಸಭೆಯನ್ನು ಆರಿಸಿಕೊಂಡೆ. ಅಲ್ಲಿ ಬೇರೆ ಹೆಸರು ಹೇಳಿದೆ. ಸಭೆ ಮುಗಿಯುವ ಮೊದಲೇ ಎದ್ದು ಬರುತ್ತಿದ್ದೆ. ಹಿರಿಯ ಸದಸ್ಯರೊಬ್ಬರು ಚೀಟಿಯಲ್ಲಿ ತಮ್ಮ ದೂರವಾಣಿ ಸಂಖ್ಯೆ ಬರೆದುಕೊಟ್ಟಾಗ, ತಿರುಗಿ ನನ್ನದನ್ನು ಕೊಡಬೇಕಾದೀತೆಂದು ಅದನ್ನು ಅಲ್ಲೇ ಕುರ್ಚಿಯ ಮೇಲೆ ಬಿಟ್ಟು ಬಂದೆ.

ಆರನೆಯ ವಾರದ ಒಂದು ಗುರುವಾರ ಸಂಜೆ, ಕಚೇರಿಯಲ್ಲಿ ಜಗಳವಾಗಿ ಮನೆಗೆ ಬಂದವನಿಗೆ ಕುಡಿಯುವ ಆಸೆ ತಡೆಯಲಾರದಷ್ಟು ಬಂತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನನ್ನ ತಪ್ಪಿನ ಪೂರ್ಣ ಬೆಲೆ ತೆತ್ತದ್ದು ಆ ಒಂದು ಗಂಟೆಯಲ್ಲಿ. ದೂರದ ಸಭೆಗೆ ಹೊರಟರೆ ತಲುಪುವಷ್ಟರಲ್ಲಿ ಅದು ಮುಗಿದಿರುತ್ತಿತ್ತು. ಹತ್ತಿರದ ಸಭೆ ಆ ಹೊತ್ತಿಗೇ ನಡೆಯುತ್ತಿತ್ತು, ಆದರೆ ಅಲ್ಲಿಗೆ ಕಾಲಿಡಬಾರದೆಂದು ನಾನೇ ತೀರ್ಮಾನಿಸಿಕೊಂಡಿದ್ದೆ. ಯಾರಿಗಾದರೂ ಕರೆ ಮಾಡೋಣವೆಂದರೆ ಸಂಖ್ಯೆಯಿಲ್ಲ. ಅವರೇ ನನ್ನನ್ನು ವಿಚಾರಿಸೋಣವೆಂದರೆ ಅವರಿಗೆ ನನ್ನ ನಿಜವಾದ ಹೆಸರೂ ಗೊತ್ತಿಲ್ಲ. ಗುರುತು ಸಿಗಬಾರದೆಂದು ಒಂದೊಂದಾಗಿ ಮಾಡಿಕೊಂಡ ಏರ್ಪಾಡುಗಳೆಲ್ಲ ಸೇರಿ, ನನ್ನನ್ನು ತಡೆಯಬಲ್ಲ ಒಬ್ಬ ಮನುಷ್ಯನೂ ನನ್ನ ಸುತ್ತ ಇರದಂತೆ ಮಾಡಿದ್ದವು. ಆ ರಾತ್ರಿ ಕುಡಿದೆ. ಸುಳ್ಳು ಹೆಸರಿನವನಾಗಿ ಮತ್ತೆ ಆ ಸಭೆಗೆ ಹೋಗಿ ಕುಳಿತುಕೊಳ್ಳಲು ಮನಸ್ಸು ಒಪ್ಪಲಿಲ್ಲ.

ಹೀಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ನಾನು ಕುಡಿಯುತ್ತೇನೆಂಬುದು ನಮ್ಮ ಬೀದಿಗೆಲ್ಲ ಗೊತ್ತಿತ್ತು. ನಾನು ಅಷ್ಟು ಕಷ್ಟಪಟ್ಟು ಮುಚ್ಚಿಟ್ಟದ್ದು ಬಿಡಲು ಯತ್ನಿಸುತ್ತಿದ್ದೇನೆ ಎಂಬುದನ್ನು ಮಾತ್ರ. ಕೊನೆಗೆ ಹತ್ತಿರದ ಸಭೆಗೆ ಹೋದಾಗ ಪರಿಚಯದವರೊಬ್ಬರು ಅಲ್ಲಿದ್ದದ್ದು ನಿಜ. ಅವರೂ ನನ್ನಂತೆಯೇ ಕುಡಿತ ಬಿಡಲು ಬಂದವರಾಗಿದ್ದರು. ಅಲ್ಲಿ ಕೇಳಿದ್ದನ್ನು ಹೊರಗೆ ಹೇಳಬಾರದೆಂಬುದು ಸದಸ್ಯರು ಪಾಲಿಸಿಕೊಂಡು ಬಂದ ರೂಢಿಯೇ ಹೊರತು ಕಾನೂನಲ್ಲ, ಹಾಗಾಗಿ ಎಂದಿಗೂ ಯಾರೂ ಬಾಯಿಬಿಡರೆಂದು ಮಾತು ಕೊಡಲಾರೆ. ಆದರೂ ಆ ಅಪಾಯ, ಆ ಗುರುವಾರದ ಸಂಜೆಗಿಂತ ಬಹಳ ಚಿಕ್ಕದು.

ಈ ಸಂಘ ಹುಟ್ಟಿದ್ದು ಹೇಗೆಂಬುದನ್ನು ನೋಡಿ. 1935ರ ಮೇ ತಿಂಗಳಲ್ಲಿ, ಕುಡಿತ ಬಿಟ್ಟು ಐದಾರು ತಿಂಗಳಷ್ಟೇ ಆಗಿದ್ದ, ಮುಂದೆ ಇದರ ಸ್ಥಾಪಕರಲ್ಲೊಬ್ಬರಾದ ಬಿಲ್ ವಿಲ್ಸನ್, ವ್ಯವಹಾರವೊಂದು ಕೈತಪ್ಪಿ ಅಮೆರಿಕದ ಓಹಿಯೋ ರಾಜ್ಯದ ಆಕ್ರನ್ ನಗರದ ಹೋಟೆಲೊಂದರಲ್ಲಿ ಒಬ್ಬಂಟಿಯಾಗಿ ನಿಂತಿದ್ದರು. ಮತ್ತೆ ಕುಡಿಯುವ ಸೆಳೆತ ಬಂದಾಗ, ಆ ಊರಿನಲ್ಲೇ ತನ್ನಂಥ ಇನ್ನೊಬ್ಬ ಕುಡುಕ ಸಿಗಬಹುದೇ ಎಂದು ಒಂದರ ಹಿಂದೆ ಒಂದು ಕರೆ ಮಾಡಿದರು. ಹಾಗೆ ಸಿಕ್ಕವರು ಡಾ. ಬಾಬ್ ಸ್ಮಿತ್. ಅವರು ಕೊನೆಯ ಬಾರಿ ಕುಡಿದ ದಿನವೆಂದು ಹೇಳಲಾಗುವ ಜೂನ್ 10ನ್ನೇ ಸಂಘದ ಸ್ಥಾಪನಾ ದಿನವಾಗಿ ಆಚರಿಸುತ್ತಾರೆ. ಹೋಟೆಲಿನಲ್ಲಿ ನಿಂತಿದ್ದ ಆ ಹೊತ್ತಿಗೆ ವಿಲ್ಸನ್ ಅವರಿಗೆ ಬೇಕಿದ್ದುದು ಹತ್ತಿರವಿದ್ದು ಮಾತಿಗೆ ಸಿಗುವ ಒಬ್ಬ ಮನುಷ್ಯ.

ದಿನವೂ ಹೆಚ್ಚು ಕುಡಿಯುವವರಾಗಿದ್ದರೆ, ಸಭೆಗೆ ಹೋಗುವ ಉತ್ಸಾಹದಲ್ಲಿ ಏಕಾಏಕಿ ನಿಲ್ಲಿಸಬೇಡಿ. ಮೊದಲು ವೈದ್ಯರನ್ನು ಕಾಣಿರಿ. ನಿಲ್ಲಿಸಿದ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು ಶುರುವಾಗುತ್ತವೆ. ಕೆಲವರಿಗೆ ಮೊದಲ 2 ದಿನಗಳಲ್ಲಿ ಫಿಟ್ಸ್ ಬರಬಹುದು, ಆಮೇಲಿನ ಒಂದೆರಡು ದಿನಗಳಲ್ಲಿ ಭ್ರಮೆ, ಗೊಂದಲ ಹತ್ತಿ ಪ್ರಾಣಕ್ಕೇ ಅಪಾಯವಾಗಬಹುದು. ಸಭೆ ಇದಕ್ಕೆ ಚಿಕಿತ್ಸೆ ನೀಡಲಾರದು. ನಾನು ಎರಡನೆಯ ಸಲ ವೈದ್ಯರ ನಿಗಾದಲ್ಲೇ ಬಿಟ್ಟೆ.

ಇನ್ನು ಹುಡುಕುವ ಕೆಲಸ ಕಷ್ಟದ್ದಲ್ಲ. ಸಂಘದ ಸಹಾಯವಾಣಿಗೆ ಕರೆ ಮಾಡಿ ನಿಮ್ಮ ಬಡಾವಣೆಯ ಹೆಸರು ಹೇಳಿ, ಇವತ್ತು ಅಥವಾ ನಾಳೆ ಎಲ್ಲಿ ಸಭೆಯಿದೆ ಎಂದು ಕೇಳಿ. ಹಳೆಯ ಪಟ್ಟಿಯನ್ನು ನಂಬಿ ಹೋಗಿ ಬೀಗ ಹಾಕಿದ ಬಾಗಿಲು ಕಂಡು ಮರಳಿದವರು ಮತ್ತೆ ಹೊರಡುವುದು ಅಪರೂಪ. ಆದ್ದರಿಂದ ಸಮಯ, ಸ್ಥಳಗಳನ್ನು ಅಂದೇ ಖಚಿತಪಡಿಸಿಕೊಳ್ಳಿ. ಮುಕ್ತ ಸಭೆಗೆ ಯಾರು ಬೇಕಾದರೂ ಬರಬಹುದು, ಮುಚ್ಚಿದ ಸಭೆ ಕುಡಿತ ಬಿಡಬಯಸುವವರಿಗಷ್ಟೇ. ಗುರುತಿನ ಭಯ ಇನ್ನೂ ಕಾಡುತ್ತಿದ್ದರೆ ಮುಚ್ಚಿದ ಸಭೆಯನ್ನೇ ಕೇಳಿ. ಶುಲ್ಕವಿಲ್ಲ, ಮೊದಲ ದಿನ ಮಾತನಾಡಲೇಬೇಕೆಂಬ ಒತ್ತಾಯವೂ ಇಲ್ಲ, ಬಿಡುವ ಇಚ್ಛೆಯೊಂದಿದ್ದರೆ ಸದಸ್ಯತ್ವಕ್ಕೆ ಅಷ್ಟೇ ಸಾಕು. ಈ ಸಂಘದ ಕ್ರಮದಲ್ಲಿ ಬರುವ ದೇವರ ಮಾತು ನಿಮಗೆ ಹಿಡಿಸದಿದ್ದರೆ, ಅದಿಲ್ಲದೆ ನಡೆಯುವ ಸ್ಮಾರ್ಟ್ ರಿಕವರಿಯಂಥ ಗುಂಪುಗಳೂ ಇವೆ.

ಹೋದ ಮೇಲೆ ಕೊನೆಯವರೆಗೂ ಕುಳಿತಿರಿ. ನಿಮ್ಮ ಮನೆಗೆ ಹತ್ತಿರದಲ್ಲಿರುವ ಒಬ್ಬರ ದೂರವಾಣಿ ಸಂಖ್ಯೆಯನ್ನು ಕೇಳಿ ತೆಗೆದುಕೊಳ್ಳಿ, ನಿಮ್ಮದನ್ನು ಕೊಡಿ. ಮರುದಿನ ಬೆಳಿಗ್ಗೆ, ಹೇಳುವುದಕ್ಕೆ ಏನೂ ಇಲ್ಲದಿದ್ದರೂ, ಅವರಿಗೆ ಒಂದು ಕರೆ ಮಾಡಿ.