ಚಪ್ಪರದ ಕೆಳಗೆ ಚೈತ್ರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಬೇಸಿಗೆಯವೇ. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಯುಗಾದಿಯಿಂದ ಮುಂಗಾರಿನವರೆಗೆ ನಡೆಯುವ ಉತ್ಸವ, ಸಂಗೀತ, ಬೀದಿ ಕಾರ್ಯಕ್ರಮಗಳ ಬಗ್ಗೆ ಕೇಳಿದ್ದೀರಿ. ನಾನು ಮದುವೆಯಾಗಿ ಚಾಮರಾಜಪೇಟೆಗೆ ಬಂದು 41 ವರ್ಷವಾಯಿತು. ನಮ್ಮ ರಸ್ತೆಯ ರಾಮನವಮಿ ಚಂದಾ ಪುಸ್ತಕ ಬಹಳ ಕಾಲದಿಂದ ನನ್ನ ಹತ್ತಿರವೇ ಇದೆ. ಕಂಡಿದ್ದು, ಮಾಡಿದ್ದು ಇಷ್ಟರಿಂದ ತಿಳಿದದ್ದನ್ನು ಬರೆಯುತ್ತೇನೆ.

ಪ್ರಶ್ನೆ: ಆರು ತಿಂಗಳ ಹಿಂದೆ ಹುಬ್ಬಳ್ಳಿಯಿಂದ ಬಂದು ಚಾಮರಾಜಪೇಟೆಯಲ್ಲಿ ಬಾಡಿಗೆಗೆ ಮನೆ ಮಾಡಿದ್ದೇವೆ. ಅಕ್ಕಪಕ್ಕದವರು ಪಾನಕ ಅಂತಾರೆ, ತಿಂಗಳಿಡೀ ಸಂಗೀತ ಅಂತಾರೆ, ಕರಗ ಅಂತಾರೆ. ನಮಗೆ ಇಲ್ಲಿ ಯಾರ ಪರಿಚಯವೂ ಇಲ್ಲ. ಕರೆಯದೆ ಹೋದರೆ ತಪ್ಪಾದೀತೆ? ಎಲ್ಲಿಂದ ಶುರು ಮಾಡಬೇಕು?
– ಒಬ್ಬ ಗೃಹಿಣಿ, ಚಾಮರಾಜಪೇಟೆ

ಉತ್ತರ: ಕರೆಯದೆ ಹೋಗುವುದಕ್ಕೆಂದೇ ಇರುವ ಹಬ್ಬಗಳಿವು, ತಂಗಿ. ನಿಮ್ಮ ರಸ್ತೆಯ ರಾಮನವಮಿಯಿಂದಲೇ ಶುರು ಮಾಡಿ. ಚೈತ್ರ ಶುದ್ಧ ನವಮಿಯ ದಿನ ಬಿಸಿಲು ಏರುವ ಹೊತ್ತಿಗೆ ಯಾವುದಾದರೂ ಹೊಂಗೆ ಮರದ ಕೆಳಗೆ ಒಂದು ಮೇಜು ಬಂದಿರುತ್ತದೆ. ಅದರ ಮೇಲೆ ಎರಡು ದೊಡ್ಡ ಪಾತ್ರೆ. ಒಂದರಲ್ಲಿ ಪಾನಕ, ಇನ್ನೊಂದರಲ್ಲಿ ನೀರುಮಜ್ಜಿಗೆ, ಪಕ್ಕದ ಬೇಸಿನ್ನಿನಲ್ಲಿ ಹೆಸರುಬೇಳೆ ಕೋಸಂಬರಿ. ನಿಂತು ಕುಡಿಯಿರಿ. ಕುಡಿದು ಲೋಟ ಇಟ್ಟು ಹೊರಟುಬಿಡಬೇಡಿ. "ಸೌಟು ನನ್ನ ಕೈಗೆ ಕೊಡಿ, ನೀವು ಸ್ವಲ್ಪ ಹೊತ್ತು ಕೂತ್ಕೊಳ್ಳಿ" ಎಂದು ಅಲ್ಲಿ ಬೆಳಗಿನಿಂದ ನಿಂತಿರುವ ಹಿರಿಯರಿಗೆ ಹೇಳಿ. ಅರ್ಧ ಗಂಟೆ ಬಡಿಸಿದರೆ ಆಯಿತು, ರಸ್ತೆ ನಿಮ್ಮದು.

ನಾನು ತಿಪಟೂರಿನಿಂದ ಬಂದ ಮೊದಲ ವರ್ಷ ಯಾರನ್ನು ಮಾತಾಡಿಸಲೂ ಬಾಯಿ ಬರುತ್ತಿರಲಿಲ್ಲ. ನವಮಿಯ ಹಿಂದಿನ ರಾತ್ರಿ ನಮ್ಮತ್ತೆ ನನ್ನ ಮುಂದೆ ಬೆಲ್ಲದ ಅಚ್ಚುಗಳನ್ನೂ ಗುಂಡುಕಲ್ಲನ್ನೂ ಇಟ್ಟು "ಕುಟ್ಟಿ ನೆನೆಹಾಕು" ಅಂದರು. ಬೆಳಿಗ್ಗೆ ಆ ನೀರನ್ನು ತೆಳು ಪಂಚೆಯಲ್ಲಿ ಸೋಸಿದರೆ ಬಟ್ಟೆಯಲ್ಲಿ ಕಬ್ಬಿನ ಸಿಪ್ಪೆಯ ಚೂರು, ಸಣ್ಣ ಮರಳು ನಿಂತವು. ಒಣಶುಂಠಿ, ಏಲಕ್ಕಿ, ಮೆಣಸಿನ ಪುಡಿ ಬೆರೆಸಿ, ನಿಂಬೆಹಣ್ಣು ಹಿಂಡಿ, ತಟ್ಟೆ ಮುಚ್ಚಿ ಹೊರಗೆ ತಂದಿಟ್ಟೆ. ಸೌಟು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಮುಚ್ಚಿದ ತಟ್ಟೆಯ ಮೇಲೆಲ್ಲ ಹೊಂಗೆ ಹೂ, ಅಕ್ಕಿ ಚೆಲ್ಲಿದ ಹಾಗೆ. ಅವತ್ತು ಆಟೋದವರು, ಅಂಚೆಯವರು, ಮಾರ್ಕೆಟ್ಟಿಗೆ ಮೂಟೆ ಹೊರುವವರು, ಎದುರುಮನೆಯ ಮಕ್ಕಳು ಎಲ್ಲರೂ ನನ್ನ ಕೈಯಿಂದಲೇ ಲೋಟ ಇಸಕೊಂಡರು. ಮಾರನೆಯ ದಿನ ಸೊಪ್ಪು ತರಲು ಹೊರಟರೆ ದಾರಿಯುದ್ದಕ್ಕೂ ಮಾತಾಡಿಸುವವರೇ. ಆ ಖುಷಿ ನನಗೆ ಈಗಲೂ ನೆನಪಿದೆ. ಅಳತೆ ಬೇಕಿದ್ದರೆ ಹೇಳುತ್ತೇನೆ: ನೂರು ಜನಕ್ಕೆ 15 ಲೀಟರ್ ನೀರು, 2 ಕೆ.ಜಿ. ಬೆಲ್ಲ. ಮೆಣಸು ಗಂಟಲಿಗೆ ಸ್ವಲ್ಪ ಹತ್ತಬೇಕು.

ಸಂಗೀತಕ್ಕೆ ಕೋಟೆ ಹೈಸ್ಕೂಲ್ ಮೈದಾನಕ್ಕೆ ಹೋಗಿ. ಶ್ರೀ ರಾಮಸೇವಾ ಮಂಡಳಿಯವರು 1930ರ ದಶಕದ ಕೊನೆಯಿಂದ ನಡೆಸಿಕೊಂಡು ಬಂದಿರುವ ಉತ್ಸವ ಅದು. ಎಂ.ಎಸ್. ಸುಬ್ಬುಲಕ್ಷ್ಮಿಯವರು ಅಲ್ಲಿ ಹಾಡಿದ್ದಾರೆ, ನಿಮ್ಮ ಕಡೆಯ ಭೀಮಸೇನ ಜೋಶಿಯವರೂ ಹಾಡಿದ್ದಾರೆ. ಶಾಲೆಗೆ ಬೇಸಿಗೆ ರಜೆ ಬರುವ ಕಾಲ, ಮೈದಾನ ಖಾಲಿ, ಸಂಜೆ ಏಳರ ಮೇಲೆ ಗಾಳಿ ತಂಪು. ಚಪ್ಪರದ ಸಂಗೀತಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಬೆಂಗಳೂರಿನಲ್ಲಿ ಬೇರೆ ಇಲ್ಲ. ರಾಗ ತಾಳ ಗೊತ್ತಿಲ್ಲವೆಂದು ಹಿಂಜರಿಯಬೇಡಿ. ಹಿಂದಿನ ಸಾಲಿನಲ್ಲಿ ಕೂತು ಪಕ್ಕದ ಅಜ್ಜಿಯ ಕೈ ನೋಡಿ, ತೊಡೆಯ ಮೇಲೆ ತಾಳ ಹಾಕುತ್ತಿರುತ್ತಾರೆ. ಆ ಕೈಯಿಂದಲೇ ಅರ್ಧ ಸಂಗೀತ ಕಲಿಯಬಹುದು. ನಾನು ಕಲಿತದ್ದು ಹಾಗೆಯೇ.

ಇನ್ನು ಕರಗ. ಇದಕ್ಕೆ ಪೇಟೆಯೊಳಗೇ ಹೋಗಬೇಕು. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಪೇಟೆ ಅದು. ನಮ್ಮ ಚಾಮರಾಜಪೇಟೆ ಆಗಿದ್ದು 1892ರಲ್ಲಿ. 1898ರಲ್ಲಿ ಪ್ಲೇಗ್ ಬಂತು, ಜನ ಇಕ್ಕಟ್ಟಿನ ಪೇಟೆ ಬಿಟ್ಟು ಬಯಲಿಗೆ ಓಡಿದರು. ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು ಆಮೇಲೆ. ಮನೆ ಎಲ್ಲಿ ಕಟ್ಟಿಕೊಂಡರೂ ಚೈತ್ರ ಹುಣ್ಣಿಮೆಯ ರಾತ್ರಿ ಮಾತ್ರ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದ ಮುಂದೆ ಬಂದು ನಿಲ್ಲುವವರು ಇವತ್ತಿಗೂ ಸಾವಿರಗಟ್ಟಲೆ ಇದ್ದಾರೆ.

ಕರಗ ದ್ರೌಪದಿಯ ಉತ್ಸವ. ನಡೆಸುವವರು ವಹ್ನಿಕುಲ ಕ್ಷತ್ರಿಯರು, ಅಂದರೆ ತಿಗಳ ಸಮುದಾಯದವರು. ಲಾಲ್‌ಬಾಗ್ ಸುತ್ತಮುತ್ತ ಹೂವು, ತರಕಾರಿ, ತೋಟಗಳನ್ನು ಬೆಳೆಸಿದ ಕೈಗಳವು. ನಡುರಾತ್ರಿ ಕಳೆದ ಮೇಲೆ ಕರಗ ಹೊರಗೆ ಬರುತ್ತದೆ. ಮೊದಲು ಬರುವುದು ಮಲ್ಲಿಗೆಯ ವಾಸನೆ, ಆಮೇಲೆ "ಗೋವಿಂದಾ" ಎಂಬ ಕೂಗು, ಕರಗಕ್ಕೆ ಕಾವಲಾಗಿ ಬರುವ ಬರಿಮೈಯ ವೀರಕುಮಾರರ ಕೈಯಲ್ಲಿ ಕತ್ತಿ. ಅವರ ನಡುವೆ ಸೀರೆ ಉಟ್ಟು ಬಳೆ ತೊಟ್ಟ ಕರಗದ ಪೂಜಾರಿಯವರು. ತಲೆಯ ಮೇಲಿನ ಹೂವಿನ ಕರಗವನ್ನು ಕೈಯಿಂದ ಮುಟ್ಟದೆ ಅಷ್ಟು ಓಣಿಗಳನ್ನು ಬೆಳಗಿನವರೆಗೆ ಸುತ್ತುತ್ತಾರೆ. ಕಾಟನ್‌ಪೇಟೆಯ ಹಜರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಕರಗ ಹೋಗಿ ಬರಲೇಬೇಕು. ಅದು ಹಿಂದಿನಿಂದ ಬಂದ ನಡೆ. ಒಂದು ಸಲ ನಾನು ದರ್ಗಾದ ಹತ್ತಿರವೇ ಕಾದಿದ್ದೆ. ಕರಗ ಬರುತ್ತಿದೆ ಎಂದು ಗೊತ್ತಾದ ಕೂಡಲೇ ಒಬ್ಬ ಹಿರಿಯ ಸಾಬರು ತಮ್ಮ ಅಂಗಡಿ ಮುಂದಿನ ಸ್ಟೂಲನ್ನು ನನ್ನ ಕಡೆ ಸರಿಸಿ "ಹತ್ತಿ ನೋಡಿ ಅಮ್ಮ, ಇಲ್ಲದಿದ್ರೆ ಕಾಣಲ್ಲ" ಅಂದರು. ಸ್ಟೂಲು ಅಲುಗಾಡದ ಹಾಗೆ ಅವರ ಮೊಮ್ಮಗ ಕಾಲು ಒತ್ತಿ ಹಿಡಿದುಕೊಂಡಿದ್ದ. ಈ ಊರನ್ನು ನಾನು ಪ್ರೀತಿಸುವುದು ಇಂಥವರಿಂದ.

ಮಕ್ಕಳನ್ನು ಕರೆದೊಯ್ಯುವುದಾದರೆ ಮಧ್ಯಾಹ್ನ ಮಲಗಿಸಿ. ಹತ್ತಿಯ ಬಟ್ಟೆ, ನೀರಿನ ಬಾಟಲಿ ಇರಲಿ. ಓಣಿಯ ಬಾಯಲ್ಲಿ ನಿಲ್ಲಬೇಡಿ, ನೂಕುನುಗ್ಗಲು ಅಲ್ಲೇ. ವೀರಕುಮಾರರ ದಾರಿಗೆ ಅಡ್ಡಬರಬೇಡಿ, ಫೋಟೋಗೆಂದು ಮುಖದ ಮೇಲೆ ಫ್ಲ್ಯಾಶ್ ಬೀರಬೇಡಿ. ವ್ರತ ಹಿಡಿದು ಬಂದವರ ಏಕಾಗ್ರತೆ ಅದು.

ಪ್ರಶ್ನೆ: ಕಡಲೆಕಾಯಿ ಪರಿಷೆಯೂ ಬೇಸಿಗೆಯಲ್ಲೇ ಬರುತ್ತದೆಯೇ? ಮೊಮ್ಮಗಳು ಮೇ ತಿಂಗಳಲ್ಲಿ ಬರುತ್ತಾಳೆ.
– ಓದುಗರು, ದಾವಣಗೆರೆ

ಉತ್ತರ: ಇಲ್ಲ, ಅದು ಕಾರ್ತಿಕದ ಕೊನೆಯ ಸೋಮವಾರ, ಬಸವನಗುಡಿಯ ದೊಡ್ಡಬಸವಣ್ಣನ ಸನ್ನಿಧಿಯಲ್ಲಿ. ಮೇ ತಿಂಗಳಿಗೆ ಮಾವಿನಹಣ್ಣುಂಟು. ಲಾಲ್‌ಬಾಗಿನಲ್ಲಿ ಮಾವಿನ ಮೇಳ ಹಾಕುವ ದಿನಗಳನ್ನು ಪತ್ರಿಕೆಯಲ್ಲಿ ನೋಡಿಕೊಂಡು ಕರೆದೊಯ್ಯಿರಿ. ಬೆಳೆದ ರೈತರ ಹತ್ತಿರವೇ ನಿಂತು ಯಾವ ಹಣ್ಣು ಹೇಗೆ ಮಾಗಿಸಿದ್ದು ಎಂದು ಅವಳ ಕೈಲೇ ಕೇಳಿಸಿ.

ಪ್ರಶ್ನೆ: ನಮ್ಮದು ಮಲ್ಲೇಶ್ವರದ ಅಡ್ಡರಸ್ತೆ, ನಲವತ್ತು ಮನೆಗಳು. ಈ ಬೇಸಿಗೆಯಲ್ಲಿ ಒಂದು ಸಂಜೆ ರಸ್ತೆಯವರೆಲ್ಲ ಸೇರುವ ಕಾರ್ಯಕ್ರಮ ಮಾಡಬೇಕೆಂದಿದ್ದೇವೆ. ಚಪ್ಪರ, ಮೈಕು, ಅನುಮತಿ, ಖರ್ಚು ಎಲ್ಲಕ್ಕೂ ನಿಮ್ಮ ಅನುಭವ ಹೇಳಿ.
– ಇಬ್ಬರು ಯುವಕರು, ಮಲ್ಲೇಶ್ವರ

ಉತ್ತರ: ಬಹಳ ಸಂತೋಷ. ನಲವತ್ತೂ ಮನೆಯ ಬಾಗಿಲು ತಟ್ಟಿದ ಮೇಲೆ ಚಪ್ಪರದವರಿಗೆ ಫೋನ್ ಮಾಡಿ, ಅದಕ್ಕೆ ಮುಂಚೆ ಬೇಡ. ಚಂದಾ ಕೇಳಲು ಹೋಗಬೇಡಿ, ಸಮಯ ಕೇಳಲು ಹೋಗಿ. ಯಾರ ಮನೆಯಲ್ಲಿ ಹಸುಗೂಸಿದೆ, ಯಾರು ಹಾಸಿಗೆ ಹಿಡಿದಿದ್ದಾರೆ, ಯಾರಿಗೆ ಪರೀಕ್ಷೆ ಇದೆ ಎಂಬುದು ಆಗ ಗೊತ್ತಾಗುತ್ತದೆ. ನಾವು ಒಂದು ವರ್ಷ ಇದನ್ನು ಮಾಡಲಿಲ್ಲ. ಸ್ಪೀಕರನ್ನು ಒಂದು ಮನೆಯ ಕಿಟಕಿಗೆ ಎದುರಾಗಿಯೇ ಇಟ್ಟಿದ್ದೆವು. ಒಳಗೆ ಹಿಂದಿನ ದಿನ ಆಪರೇಷನ್ ಆಗಿ ಬಂದಿದ್ದ ಹೆಂಗಸು ಮಲಗಿದ್ದರು. ಅವರ ಗಂಡ ಜಗಳವಾಡಲಿಲ್ಲ. ಬಂದು ಕೈಮುಗಿದು ನಿಂತರು. ನನಗೆ ಕಣ್ಣಲ್ಲಿ ನೀರು ಬಂತು. ಅವತ್ತಿನಿಂದ ನಮ್ಮಲ್ಲಿ ದೊಡ್ಡ ಸ್ಪೀಕರಿಲ್ಲ. ಮಾತಿಗೊಂದು, ಹಾಡಿಗೊಂದು ಮೈಕು ಸಾಕು.

ಕಾನೂನೂ ಇದನ್ನೇ ಹೇಳುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿ 45. ಮೈಕಿಗೆ ನಿಮ್ಮ ವ್ಯಾಪ್ತಿಯ ಪೊಲೀಸ್ ಠಾಣೆಯಿಂದ ಲಿಖಿತ ಅನುಮತಿ ಬೇಕು. ರಸ್ತೆಯಲ್ಲಿ ಚಪ್ಪರ ಹಾಕುವುದಾದರೆ ಪಾಲಿಕೆಗೂ ಸಂಚಾರ ಪೊಲೀಸರಿಗೂ ಅರ್ಜಿ ಕೊಡಿ. ಹದಿನೈದು ದಿನ ಮುಂಚೆ ಹೋಗಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡ ಪ್ರತಿ ಕೈಯಲ್ಲಿರಲಿ. ಆಂಬ್ಯುಲೆನ್ಸ್ ಹೋಗುವಷ್ಟು ದಾರಿ ಒಂದು ಪಕ್ಕ ಬಿಡಲೇಬೇಕು.

ಹಳೇ ರಸ್ತೆಗೆ ಇನ್ನೊಂದು ಎಚ್ಚರಿಕೆ ಬೇಕು, ಇದನ್ನು ಯಾರೂ ಹೇಳುವುದಿಲ್ಲ. ನೂರು ವರ್ಷದ ಮನೆಗಳ ಗೋಡೆ ಸುಣ್ಣದ ಗಾರೆಯದ್ದು. ಸಿಮೆಂಟಿನ ಹಾಗೆ ಅದು ಮೊಳೆ ಹಿಡಿಯುವುದಿಲ್ಲ, ಎಳೆತವನ್ನೂ ತಡೆಯುವುದಿಲ್ಲ. ಒಮ್ಮೆ ನಮ್ಮ ಚಪ್ಪರದವರು ನಮ್ಮನ್ನು ಕೇಳದೆ ಮೂಲೆಮನೆಯ ಗೇಟಿನ ಕಂಬಕ್ಕೆ ಹಗ್ಗ ಬಿಗಿದರು. ಸಂಜೆ ಐದಕ್ಕೆ ಬಿರುಗಾಳಿ ಎದ್ದಿತು, ಶಾಮಿಯಾನ ಹಾಯಿಯಂತೆ ಉಬ್ಬಿತು. ಕಂಬದ ತಲೆಯ ಮೇಲಿನ ಗಾರೆಯ ಹೂಕುಂಡ ಮುರಿದು ಮೆಟ್ಟಿಲ ಮೇಲೆ ಬಿತ್ತು. ಎರಡು ನಿಮಿಷದ ಹಿಂದೆ ಅಲ್ಲಿ ಮಗುವೊಂದು ಕೂತಿತ್ತು. ಆ ಹೂಕುಂಡವನ್ನು ಮತ್ತೆ ಮಾಡಿಕೊಡುವ ಗಾರೆ ಕೆಲಸದವರು ನಮಗೆ ಸಿಗಲೇ ಇಲ್ಲ. ಕಂಬ ಇವತ್ತಿಗೂ ಬೋಳಾಗಿ ನಿಂತಿದೆ. ಹಗ್ಗವನ್ನು ಮರಳುಮೂಟೆಗೆ ಕಟ್ಟಿಸಿ. ಕಿಟಕಿಯ ಮರದ ಪಟ್ಟಿ, ಮಂಕಿಟಾಪು (ಕಿಟಕಿಯ ಮೇಲಿನ ಚೂಪು ಮರದ ಮಾಡು), ಜಗಲಿಯ ಕಂಬ ಯಾವುದಕ್ಕೂ ಸೀರಿಯಲ್ ಸೆಟ್ಟಿನ ಮೊಳೆ ಹೊಡೆಯಲು ಬಿಡಬೇಡಿ. ಮರಕ್ಕೂ ಅಷ್ಟೆ.

ಏಪ್ರಿಲ್ ಕೊನೆ, ಮೇ ತಿಂಗಳಾದರೆ ಸಂಜೆ ನಾಲ್ಕರಿಂದ ಆರರವರೆಗೆ ಮಳೆಯ ಹೊತ್ತು. ಆರೂವರೆಗೆ ಶುರು ಮಾಡಿ, ಒಂಬತ್ತಕ್ಕೆ ಮುಗಿಸಿ. ಕುರ್ಚಿ ಬಾಡಿಗೆಗೆ ತರಬೇಡಿ, ಮನೆಗೆರಡು ಕುರ್ಚಿ ಹೊರಗೆ ಬರಲಿ. ತಮ್ಮ ಕುರ್ಚಿ ಹೊತ್ತು ತಂದವರು ಕಾರ್ಯಕ್ರಮ ಮುಗಿಯುವ ತನಕ ಇರುತ್ತಾರೆ, ಇನ್ನೊಬ್ಬರ ಕುರ್ಚಿ ಒಳಗಿಡಲು ಕೈಯನ್ನೂ ಕೊಡುತ್ತಾರೆ. ವೇದಿಕೆ, ಹಾರ, ಮುಖ್ಯ ಅತಿಥಿ ಇವಕ್ಕೆ ದುಡ್ಡು ಹಾಕಬೇಡಿ. ರಸ್ತೆಯ ಹಿರಿಯರೊಬ್ಬರನ್ನು ಕೂರಿಸಿ, ಈ ರಸ್ತೆಯಲ್ಲಿ ಯಾವ ಮನೆ ಮೊದಲು ಎದ್ದಿತು, ನಲ್ಲಿ ಬರುವ ಮುಂಚೆ ಯಾವ ಬಾವಿಯ ನೀರು ತರುತ್ತಿದ್ದರು ಎಂದು ಕೇಳಿ. ಇಪ್ಪತ್ತು ನಿಮಿಷ ಯಾರೂ ಅಲುಗಾಡುವುದಿಲ್ಲ, ನೋಡಿ.

ಪ್ರಶ್ನೆ: ನನಗೆ 10 ವರ್ಷ. ರಜೆಗೆ ಅಮ್ಮ ಮೂರು ಬೇಸಿಗೆ ಶಿಬಿರಕ್ಕೆ ಸೇರಿಸಿದ್ದಾರೆ. ನನಗೆ ಲಗೋರಿ ಆಡಬೇಕು. ರಸ್ತೆಯಲ್ಲಿ ಕಾರು ಬರುತ್ತೆ ಅಂತ ಬಿಡಲ್ಲ.
– ಒಬ್ಬ ಪುಟ್ಟ ಓದುಗ, ಚಾಮರಾಜಪೇಟೆ

ಉತ್ತರ: ಪುಟ್ಟಾ, ನಿಮ್ಮ ಮನೆಯ ಹಿಂದುಗಡೆ ಕನ್ಸರ್ವೆನ್ಸಿ ಓಣಿ ಇದೆಯಾ, ನೋಡು. ಹಳೇ ಬಡಾವಣೆಗಳಲ್ಲಿ ಮನೆಗಳ ಬೆನ್ನಿಗೆ ಅಂಥ ಓಣಿ ಬಿಟ್ಟಿರುತ್ತಿದ್ದರು. ಕಸ ತುಂಬಿದ್ದರೆ ದೊಡ್ಡವರ ಹತ್ತಿರ ಹೇಳಿ ಒಂದು ಭಾನುವಾರ ಗುಡಿಸಿಸು. ಏಳು ಬಿಲ್ಲೆಗೆ ಒಡೆದ ಹೆಂಚಿನ ಚೂರು ಅಲ್ಲೇ ಸಿಗುತ್ತವೆ, ಚೂಪು ಮೂಲೆಯನ್ನು ಕಲ್ಲಿಗೆ ಉಜ್ಜಿಕೋ. ಅಮ್ಮನಿಗೆ ನನ್ನ ಮಾತು ಓದಿ ಹೇಳು: ಮೂರರಲ್ಲಿ ಒಂದು ಶಿಬಿರ ಬಿಡಿಸಿ, ತಾಯಿ. ಇದೇ ಚಾಮರಾಜಪೇಟೆಯಲ್ಲಿ ಆರ್. ಕಲ್ಯಾಣಮ್ಮನವರು ಮಕ್ಕಳಿಗೆಂದೇ ಮಕ್ಕಳ ಕೂಟ ಕಟ್ಟಿದರು. ಮಕ್ಕಳು ಒಟ್ಟಿಗೆ ಸೇರಲು ಒಂದು ಜಾಗ ಬೇಕೆಂದು ಅಷ್ಟು ಹಿಂದೆಯೇ ದುಡಿದವರು ನಮ್ಮ ಪೇಟೆಯಲ್ಲಿದ್ದರು.

ಪ್ರಶ್ನೆ: ನಮ್ಮ ಭಜನಾ ಮಂಡಳಿಯಲ್ಲಿ ಒಂದು ಕಾಲಕ್ಕೆ 22 ಜನ. ಈಗ ಐದು. ಮಕ್ಕಳೆಲ್ಲ ಪರದೇಶದಲ್ಲಿ, ಅಕ್ಕಪಕ್ಕ ಅಪಾರ್ಟ್‌ಮೆಂಟು ಎದ್ದಿವೆ. ಈ ಚೈತ್ರಕ್ಕೆ ನಿಲ್ಲಿಸಿಬಿಡೋಣ ಅನ್ನಿಸಿದೆ. ನೀವೇನಂತೀರಿ?
– ಹಿರಿಯ ಓದುಗರು, ಬಸವನಗುಡಿ

ಉತ್ತರ: ರಾಯರೇ, ನಿಲ್ಲಿಸಬೇಡಿ. 2020ರ ಏಪ್ರಿಲ್ 2ರ ರಾಮನವಮಿ ನೆನಪಿದೆಯೇ? ಲಾಕ್‌ಡೌನ್. ಮೈದಾನದಲ್ಲಿ ಚಪ್ಪರವಿಲ್ಲ, ರಸ್ತೆಯಲ್ಲಿ ಮೇಜಿಲ್ಲ. ಆ ವರ್ಷದ ಕರಗವೂ ದೇವಸ್ಥಾನದೊಳಗೇ ಆಯಿತು. ನಾನು ಒಂದು ಚೊಂಬು ಪಾನಕ ಮಾಡಿ ಜಗಲಿಯಲ್ಲಿ ಕೂತಿದ್ದೆ. ಎದುರುಮನೆಯವರು ಬಾಗಿಲು ತೆಗೆದು ತಮ್ಮ ಲೋಟ ಎತ್ತಿ ತೋರಿಸಿದರು. ಅದರಾಚೆ ಮನೆಯವರು, ಅದರಾಚೆಯವರು. ಒಟ್ಟು ಆರು ಲೋಟ. ಒಬ್ಬರು ಅಲ್ಲಿಂದಲೇ ದೇವರನಾಮ ಎತ್ತಿದರು. ಗಾಡಿಗಳ ಸದ್ದಿಲ್ಲದ ರಸ್ತೆಯಲ್ಲಿ ಅದು ಕೊನೆಯ ಮನೆಯವರೆಗೂ ಕೇಳಿಸಿತು.

ನಿಮ್ಮದು ಐದು ಜನವಾದರೆ ಹಜಾರದೊಳಗೆ ಬಾಗಿಲು ಹಾಕಿಕೊಂಡು ಹಾಡಬೇಡಿ. ಜಗಲಿಗೆ ಬನ್ನಿ. ರಾತ್ರಿ ಎಂಟರ ಬದಲು ಸಂಜೆ ಆರಕ್ಕೆ ಇಟ್ಟುಕೊಳ್ಳಿ, ಅಪಾರ್ಟ್‌ಮೆಂಟಿನವರು ಮಕ್ಕಳನ್ನು ಕೆಳಗೆ ಆಡಿಸುವ ಹೊತ್ತದು. ತಾಳದ ಜೋಡಿ ಒಂದನ್ನು ಹೆಚ್ಚಿಗೆ ಜಗಲಿಕಟ್ಟೆಯ ಮೇಲೆ ಇಟ್ಟಿರಿ. ಯಾವುದಾದರೂ ಮಗು ಬಂದು ಅದನ್ನು ಎತ್ತಿಕೊಂಡರೆ ಬೈಯಬೇಡಿ, ತಪ್ಪು ತಾಳ ಹಾಕಲಿ.

ನವಮಿಯ ಹಿಂದಿನ ರಾತ್ರಿ ಬೆಲ್ಲ ಕುಟ್ಟಲು ನಮ್ಮ ಮನೆಯಲ್ಲಿ ಈ ಸಲ ನನ್ನ ಮೊಣಕೈ ಬಿಡುತ್ತಿಲ್ಲ. ನಿಮ್ಮ ಐವರಲ್ಲಿ ಇಬ್ಬರು ಬಂದರೆ ದೊಡ್ಡ ಉಪಕಾರ. ಮಾರನೆಯ ಬೆಳಿಗ್ಗೆ ನಿಮ್ಮ ಜಗಲಿಗೆ ಒಂದು ಪಾತ್ರೆ ಪಾನಕ ಕಳಿಸುತ್ತೇನೆ.